ನಮ್ಮೂರು ಯಾರ ಕಡೆ? ಓಟಿನ ಲೆಕ್ಕವನ್ನು ನೀವೇ ಓದುವ ಬಗೆ

ಮಂಡ್ಯ ಕಡೆ ಯಾವ ಟೀ ಅಂಗಡಿ ಮುಂದೆ ನಿಂತರೂ ಒಂದು ಮಾತು ಗ್ಯಾರಂಟಿ ಕಿವಿಗೆ ಬೀಳುತ್ತದೆ. "ನಮ್ಮೂರು ಬಿಡಪ್ಪ, ಯಾವತ್ತಿದ್ರೂ ತೆನೆ." ಪಕ್ಕದ ಬೀದಿಯಲ್ಲಿ ಇನ್ನೊಬ್ಬರು ಅಷ್ಟೇ ಧೈರ್ಯವಾಗಿ "ಈ ಸಲ ಪೂರ್ತಿ ಕೈ" ಅನ್ನುತ್ತಾರೆ. ಇಬ್ಬರ ಹತ್ತಿರವೂ ಒಂದು ಹಾಳೆ ಲೆಕ್ಕ ಇರುವುದಿಲ್ಲ.

ಲೆಕ್ಕ ನೋಡಿದರೆ ಏನು ಕಾಣುತ್ತದೆ? 2018ರ ವಿಧಾನಸಭೆ ಚುನಾವಣೆಯಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರ ಜೆಡಿಎಸ್ ಗೆದ್ದಿತು. 2023ರಲ್ಲಿ ಅದೇ ಪಕ್ಷಕ್ಕೆ ಉಳಿದದ್ದು ಕೆ.ಆರ್.ಪೇಟೆ ಒಂದೇ. ಐದು ಕಾಂಗ್ರೆಸ್ ಪಾಲಾದವು, ಮೇಲುಕೋಟೆ ಸರ್ವೋದಯ ಕರ್ನಾಟಕ ಪಕ್ಷಕ್ಕೆ ಹೋಯಿತು. ಇದಾಗಿ ಒಂದು ವರ್ಷ ಕೂಡ ತುಂಬಿರಲಿಲ್ಲ, 2024ರ ಲೋಕಸಭೆಯಲ್ಲಿ ಬಿಜೆಪಿ ಜೊತೆ ಮೈತ್ರಿ ಮಾಡಿಕೊಂಡ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ 2,84,620 ಮತಗಳ ಅಂತರದಲ್ಲಿ ಇಲ್ಲಿಂದಲೇ ಗೆದ್ದರು. ಜನ ಅವರೇ, ಬೀದಿಗಳೂ ಅವೇ. ಹಾಗಾದರೆ ನಿಮ್ಮೂರು ಯಾರ ಕಡೆ?

ಈ ಪ್ರಶ್ನೆಗೆ ನಿಮ್ಮದೇ ಊರಿನ ಮಟ್ಟಿಗೆ ನಂಬಬಹುದಾದ ಉತ್ತರ ಹುಡುಕುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ದೊಡ್ಡ ವಿದ್ಯೆ ಏನೂ ಬೇಡ. ಕೂಡಿಸಿ ಕಳೆಯುವುದು, ಶೇಕಡಾ ತೆಗೆಯುವುದು ಬಂದರೆ ಸಾಕು. ಜಾಸ್ತಿ ಬೇಕಾದದ್ದು ತಾಳ್ಮೆ.

ಮೊದಲು, ಊರು ಅಂದರೆ ಯಾವುದು?

ತಮಾಷೆ ಅನ್ನಿಸಬಹುದು, ಆದರೆ ಬಹಳ ಜನ ಇಲ್ಲೇ ದಾರಿ ತಪ್ಪುತ್ತಾರೆ. ಪಾಂಡವಪುರ ಪಟ್ಟಣದ ಒಲವಿನ ಬಗ್ಗೆ ಮಾತಾಡುತ್ತಾ ಮೇಲುಕೋಟೆ ಕ್ಷೇತ್ರದ ಫಲಿತಾಂಶ ಹೇಳುತ್ತಾರೆ. ಮಂಡ್ಯ ಜಿಲ್ಲೆಯ ಒಂದೊಂದು ವಿಧಾನಸಭಾ ಕ್ಷೇತ್ರದಲ್ಲಿ ಹೆಚ್ಚೂಕಡಿಮೆ ಎರಡು ಲಕ್ಷ ಮತದಾರರು ಇರುತ್ತಾರೆ. ಅದರೊಳಗೆ ತಾಲ್ಲೂಕು ಕೇಂದ್ರದ ಪಟ್ಟಣ ಒಂದು ಸಣ್ಣ ಪಾಲು, ಮಿಕ್ಕಿದ್ದೆಲ್ಲ ಹಳ್ಳಿ. ಕ್ಷೇತ್ರ ಒಂದು ಕಡೆ ವಾಲಿ ಪಟ್ಟಣ ಇನ್ನೊಂದು ಕಡೆ ವಾಲುವುದು ಅಪರೂಪವೇನಲ್ಲ.

ಹಾಗಾಗಿ ಗಡಿ ಹಾಕಿಕೊಳ್ಳಿ. ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ಜನಸಂಖ್ಯೆ ಇದ್ದರೆ ಸಾಮಾನ್ಯವಾಗಿ ಪಟ್ಟಣ ಪಂಚಾಯಿತಿ, ಅದಕ್ಕೂ ಮೇಲೆ ಐವತ್ತು ಸಾವಿರದವರೆಗೆ ಪುರಸಭೆ. ಆ ವ್ಯಾಪ್ತಿಯೊಳಗೆ ಬರುವ ಮತಗಟ್ಟೆಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಮತದಾರರ ಪಟ್ಟಿಯ ಪ್ರತಿ ಭಾಗದ ಮೊದಲ ಪುಟದಲ್ಲಿ ಆ ಭಾಗಕ್ಕೆ ಯಾವ ಯಾವ ಬೀದಿ, ಬಡಾವಣೆ ಸೇರುತ್ತದೆ ಅಂತ ಬರೆದಿರುತ್ತದೆ. ಅದನ್ನು ನೋಡಿ ಒಂದು ಕೈನಕ್ಷೆ ಮಾಡಿಟ್ಟುಕೊಳ್ಳಿ. ಕೋಟೆ ಬೀದಿ ಯಾವ ಭಾಗ, ಸಂತೆಮಾಳದ ಪಕ್ಕದ ಕಾಲೋನಿ ಯಾವ ಭಾಗ, ಹೊಸದಾಗಿ ಸೈಟ್ ಆದ ಬಡಾವಣೆ ಯಾವುದಕ್ಕೆ ಸೇರಿದೆ, ಎಲ್ಲ ಅದರಲ್ಲಿ ಬರಲಿ. ಮುಂದಿನ ಕೆಲಸವೆಲ್ಲ ಈ ನಕ್ಷೆಯ ಮೇಲೇ ನಿಂತಿರುತ್ತದೆ.

ಕಾಗದ ಎಲ್ಲಿ ಸಿಗುತ್ತದೆ

ನಿಮಗೆ ಮುಖ್ಯವಾಗಿ ಬೇಕಾದದ್ದು ನಮೂನೆ 20. ಪ್ರತಿ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೆ ಬಿದ್ದ ಮತ ಎಷ್ಟು ಅನ್ನುವ ಅಂತಿಮ ಫಲಿತಾಂಶ ಪಟ್ಟಿ ಅದು. ಕರ್ನಾಟಕ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಕ್ಷೇತ್ರವಾರು ಪಿಡಿಎಫ್ ಸಿಗುತ್ತದೆ. ಲೋಕಸಭೆ ಚುನಾವಣೆಯದ್ದೂ ವಿಧಾನಸಭಾ ಕ್ಷೇತ್ರವಾರು ಭಾಗ ಮಾಡಿಯೇ ಇರುತ್ತದೆ. ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಜಿಲ್ಲೆಯ ಏಳರ ಜೊತೆ ಮೈಸೂರು ಜಿಲ್ಲೆಯ ಕೃಷ್ಣರಾಜನಗರವೂ ಸೇರುತ್ತದೆ, ಅದನ್ನು ಮರೆಯಬೇಡಿ.

ಬಹಳಷ್ಟು ಪಿಡಿಎಫ್‌ಗಳು ಸ್ಕ್ಯಾನ್ ಮಾಡಿದ ಚಿತ್ರಗಳು. ಕಾಪಿ ಪೇಸ್ಟ್ ಆಗುವುದಿಲ್ಲ. ಕೂತು ಕೈಯಲ್ಲೇ ತುಂಬಬೇಕು. ಪಟ್ಟಣದ ಹದಿನೈದಿಪ್ಪತ್ತು ಮತಗಟ್ಟೆ ತಾನೇ, ಒಂದು ಸಂಜೆಯ ಕೆಲಸ. ತುಂಬುವಾಗ ಪ್ರಮುಖ ಅಭ್ಯರ್ಥಿಗಳ ಜೊತೆ ನೋಟಾ ಮತ್ತು ಒಟ್ಟು ಮತಗಳ ಕಾಲಂ ಬಿಡಬೇಡಿ. ಅಡ್ಡಸಾಲಿನ ಮೊತ್ತ ಒಟ್ಟಿಗೆ ತಾಳೆಯಾಗುತ್ತಾ ಅಂತ ನೋಡಿ, ತಪ್ಪು ಟೈಪ್ ಆಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಪುರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿ ಚುನಾವಣೆ ನಡೆಸುವುದು ಬೇರೆ ಸಂಸ್ಥೆ, ರಾಜ್ಯ ಚುನಾವಣಾ ಆಯೋಗ. ಅವುಗಳ ಫಲಿತಾಂಶ ಅಲ್ಲಿ ಹುಡುಕಿ, ಇಲ್ಲದಿದ್ದರೆ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ಮತಗಟ್ಟೆ ಲೆಕ್ಕದಲ್ಲಿ ಅಂಚೆ ಮತ ಸೇರಿರುವುದಿಲ್ಲ ಅನ್ನುವುದೂ ಗೊತ್ತಿರಲಿ. ಚುನಾವಣೆ ಡ್ಯೂಟಿಗೆ ಹೋದ ಮೇಷ್ಟ್ರುಗಳು, ಸೇನೆಯಲ್ಲಿ ಇರುವವರು, ಇವರ ಮತ ಕ್ಷೇತ್ರದ ಒಟ್ಟು ಲೆಕ್ಕದಲ್ಲಿ ಬರುತ್ತದೆಯೇ ಹೊರತು ನಿಮ್ಮ ಬೀದಿಯ ಲೆಕ್ಕದಲ್ಲಿ ಅಲ್ಲ. 2023ರಲ್ಲಿ 80 ದಾಟಿದವರಿಗೆ, 2024ರಲ್ಲಿ 85 ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಇತ್ತು, ಅದೂ ಹೀಗೇ.

ಯಾವುದನ್ನು ಯಾವುದರ ಜೊತೆ ಹೋಲಿಸಬಾರದು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಮಂಡ್ಯ ಜಿಲ್ಲೆಯಲ್ಲಿ ಹೋಲಿಕೆ ಮಾಡುವುದೇ ದೊಡ್ಡ ತಲೆನೋವು, ಯಾಕೆಂದರೆ ಇಲ್ಲಿ ಪ್ರತಿ ಚುನಾವಣೆಗೂ ಆಟಗಾರರೇ ಬದಲಾಗುತ್ತಾರೆ.

2019ರ ಲೋಕಸಭೆ ತೆಗೆದುಕೊಳ್ಳಿ. ಕಾಂಗ್ರೆಸ್ಸಿನ ಅಭ್ಯರ್ಥಿ ಇರಲಿಲ್ಲ, ಮೈತ್ರಿಯಲ್ಲಿ ಜೆಡಿಎಸ್‌ಗೆ ಬಿಟ್ಟುಕೊಟ್ಟಿದ್ದರು. ಬಿಜೆಪಿ ಅಭ್ಯರ್ಥಿಯೂ ಇರಲಿಲ್ಲ, ಅವರು ಪಕ್ಷೇತರ ಸುಮಲತಾ ಅಂಬರೀಶ್ ಅವರಿಗೆ ಬೆಂಬಲ ಕೊಟ್ಟರು. ಸುಮಲತಾ 1,25,876 ಮತಗಳಿಂದ ಗೆದ್ದರು. ಈಗ ಹೇಳಿ, ಆ ಮತಗಳಲ್ಲಿ ಬಿಜೆಪಿಯದ್ದು ಎಷ್ಟು, ದೇವೇಗೌಡರ ಮನೆಯವರ ಮೇಲಿನ ಸಿಟ್ಟಿಗೆ ಒಳಗೊಳಗೇ ತಿರುಗಿದ ಕಾಂಗ್ರೆಸ್ಸಿಗರದ್ದು ಎಷ್ಟು, ಅಂಬರೀಶ್ ತೀರಿಕೊಂಡು ಐದು ತಿಂಗಳೂ ಆಗಿರದ ಹೊತ್ತಿನ ಅನುಕಂಪ ಎಷ್ಟು? ನಮೂನೆ 20 ಇದನ್ನು ಬಿಡಿಸಿ ಹೇಳುವುದಿಲ್ಲ. "2019ರಲ್ಲಿ ನಮ್ಮೂರು ಬಿಜೆಪಿ ಕಡೆ ಹೋಯಿತು" ಅಂತ ಯಾರಾದರೂ ಬರೆದರೆ ಅದು ಬರೀ ಊಹೆ.

ಇನ್ನೊಂದು ತಮಾಷೆ. ಅದಕ್ಕೆ ಆರು ತಿಂಗಳು ಮುಂಚೆ, 2018ರ ನವೆಂಬರ್‌ನಲ್ಲಿ ಇದೇ ಲೋಕಸಭಾ ಕ್ಷೇತ್ರಕ್ಕೆ ಉಪಚುನಾವಣೆ ನಡೆದಾಗ ಇದೇ ಮೈತ್ರಿಯ ಜೆಡಿಎಸ್ ಅಭ್ಯರ್ಥಿ ಎಲ್.ಆರ್. ಶಿವರಾಮೇಗೌಡ ಮೂರು ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದಿದ್ದರು. ಅರ್ಧ ವರ್ಷದಲ್ಲಿ ಊರಿನ ಒಲವು ಹೀಗೆ ಮಗುಚಿತಾ? ಇಲ್ಲ. ಉಪಚುನಾವಣೆಗೆ ಬಹಳ ಜನ ಮತ ಹಾಕಲು ಬಂದೇ ಇರಲಿಲ್ಲ, ಎದುರಿಗೆ ಗಟ್ಟಿ ಅಭ್ಯರ್ಥಿಯೂ ಇರಲಿಲ್ಲ. ಹಾಗಾಗಿ ಉಪಚುನಾವಣೆಯ ಅಂಕಿಯನ್ನು ಪಕ್ಕಕ್ಕೆ ಬೇರೆ ಹಾಳೆಯಲ್ಲಿ ಇಡಿ, ಮುಖ್ಯ ಸಾಲಿಗೆ ಸೇರಿಸಬೇಡಿ.

ಮೇಲುಕೋಟೆ ಕ್ಷೇತ್ರದವರಿಗೆ ಇನ್ನೂ ಕಷ್ಟ. 2023ರಲ್ಲಿ ಅಲ್ಲಿ ಕಾಂಗ್ರೆಸ್ ಅಭ್ಯರ್ಥಿಯನ್ನೇ ಹಾಕದೆ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಅವರನ್ನು ಬೆಂಬಲಿಸಿತು. ಕಾಗದ ಮಾತ್ರ ನೋಡಿದ ಹೊರಗಿನವನಿಗೆ ಪಾಂಡವಪುರದಲ್ಲಿ ಕಾಂಗ್ರೆಸ್ಸೇ ಇಲ್ಲ ಅನ್ನಿಸುತ್ತದೆ. ರೈತಸಂಘದ ಓಟು, ಕಾಂಗ್ರೆಸ್ಸಿನ ಓಟು, ದರ್ಶನ್ ಅವರ ತಂದೆ, ರೈತನಾಯಕ ಪುಟ್ಟಣ್ಣಯ್ಯನವರ ಮೇಲಿನ ಅಭಿಮಾನದ ಓಟು, ಮೂರೂ ಒಂದೇ ಕಾಲಂನಲ್ಲಿ ಕೂತಿವೆ. 2024ರಲ್ಲಿ ಬಿಜೆಪಿ ಓಟು ಜೆಡಿಎಸ್ ಕಾಲಂನಲ್ಲಿ ಕೂತ ಹಾಗೆ.

2008ಕ್ಕಿಂತ ಹಿಂದಕ್ಕೆ ಹೋಗುವುದಾದರೆ ಮತ್ತೊಂದು ಎಚ್ಚರ. ಆ ವರ್ಷ ಕ್ಷೇತ್ರ ಮರುವಿಂಗಡಣೆ ಜಾರಿಯಾಗಿ ಕೆರಗೋಡು, ಕಿರುಗಾವಲು ಕ್ಷೇತ್ರಗಳೇ ಮಾಯವಾದವು. ಪಾಂಡವಪುರ ಕ್ಷೇತ್ರ ಹೋಗಿ ಮೇಲುಕೋಟೆ ಆಯಿತು. ಮೈಸೂರು ಕಡೆ ಬನ್ನೂರು ಹೋಯಿತು, ವರುಣಾ ಹುಟ್ಟಿತು. ಹಳೆಯ ಕ್ಷೇತ್ರದ ಫಲಿತಾಂಶಕ್ಕೂ ಹೊಸದಕ್ಕೂ ಸೀದಾ ಗೆರೆ ಎಳೆಯಲು ಆಗುವುದಿಲ್ಲ.

ಮತಗಟ್ಟೆ ಸಂಖ್ಯೆಗಳೂ ಸ್ಥಿರವಲ್ಲ. ಮತದಾರರು ಜಾಸ್ತಿಯಾದ ಹಾಗೆ ಒಂದನ್ನು ಒಡೆದು ಎರಡು ಮಾಡುತ್ತಾರೆ, ಹೊಸದಕ್ಕೆ 'ಎ' ಅಂತ ಸೇರಿಸುತ್ತಾರೆ, ಅಥವಾ ಇಡೀ ಪಟ್ಟಿಗೇ ಹೊಸ ಸಂಖ್ಯೆ ಬರುತ್ತದೆ. 2025ರಲ್ಲಿ ಚುನಾವಣಾ ಆಯೋಗ ಒಂದು ಮತಗಟ್ಟೆಗೆ 1,500 ಇದ್ದ ಗರಿಷ್ಠ ಮಿತಿಯನ್ನು 1,200ಕ್ಕೆ ಇಳಿಸಿದೆ, ಹಾಗಾಗಿ ಮುಂದಿನ ಚುನಾವಣೆಗೆ ಈ ಗೋಜಲು ಇನ್ನೂ ಹೆಚ್ಚುತ್ತದೆ. ಸಂಖ್ಯೆ ನೋಡಿ ಹೊಂದಿಸಬೇಡಿ. ನೀವು ಮಾಡಿಟ್ಟ ಬೀದಿ ನಕ್ಷೆ ನೋಡಿ ಹೊಂದಿಸಿ. ಒಡೆದ ಮತಗಟ್ಟೆಗಳನ್ನು ಮತ್ತೆ ಕೂಡಿಸಿ ಒಂದೇ ಸಾಲು ಮಾಡಿದರೆ ಹೋಲಿಕೆ ಸರಿಹೋಗುತ್ತದೆ.

ಆಳೋ, ಪಕ್ಷವೋ?

ನನ್ನ ಪ್ರಕಾರ ಸಣ್ಣ ಪಟ್ಟಣದ ರಾಜಕೀಯ ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ನಮ್ಮ ಜಿಲ್ಲೆ ಇದಕ್ಕೆ ಸಿದ್ಧ ಉತ್ತರಪತ್ರಿಕೆಯನ್ನೇ ಕೊಟ್ಟಿದೆ, ಯಾಕೆಂದರೆ ಒಬ್ಬರೇ ನಾಯಕರು ಎರಡು ಚಿಹ್ನೆಯಲ್ಲಿ ನಿಂತ ಉದಾಹರಣೆ ಇಲ್ಲಿ ಧಾರಾಳ.

ನಾಗಮಂಗಲದ ಎನ್. ಚಲುವರಾಯಸ್ವಾಮಿ 2013ರಲ್ಲಿ ಜೆಡಿಎಸ್‌ನಿಂದ ಗೆದ್ದರು. 2018ರಲ್ಲಿ ಕಾಂಗ್ರೆಸ್‌ನಿಂದ ನಿಂತು ಸೋತರು. 2023ರಲ್ಲಿ ಕಾಂಗ್ರೆಸ್‌ನಿಂದಲೇ ಗೆದ್ದರು. ಶ್ರೀರಂಗಪಟ್ಟಣದ ರಮೇಶ್ ಬಂಡಿಸಿದ್ದೇಗೌಡರದ್ದೂ ಅದೇ ದಾರಿ, ಅದೇ ವರ್ಷಗಳು. ಕೆ.ಆರ್.ಪೇಟೆಯ ನಾರಾಯಣಗೌಡರು 2013 ಮತ್ತು 2018ರಲ್ಲಿ ತೆನೆ ಹೊತ್ತು ಗೆದ್ದು, 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಕಮಲ ಹಿಡಿದು ಗೆದ್ದು, 2023ರಲ್ಲಿ ಕಮಲದಿಂದಲೇ ಸೋತರು. ಅಂಬರೀಶ್ ಲೋಕಸಭೆಗೆ 1998ರಲ್ಲಿ ಜನತಾದಳದಿಂದ ಹೋದವರು 1999ರಲ್ಲೂ 2004ರಲ್ಲೂ ಕಾಂಗ್ರೆಸ್‌ನಿಂದ ಹೋದರು.

ನೀವು ಈ ಕ್ಷೇತ್ರಗಳವರಾದರೆ ಒಂದು ಕೆಲಸ ಮಾಡಿ. ಪ್ರತಿ ಮತಗಟ್ಟೆಗೆ ಮೂರು ಅಂಕಿ ಬರೆಯಿರಿ. ಆ ನಾಯಕರು ಹಳೆಯ ಪಕ್ಷದಲ್ಲಿ ಇದ್ದಾಗ ಬಿದ್ದ ಶೇಕಡಾ, ಹೊಸ ಪಕ್ಷದಲ್ಲಿ ಬಿದ್ದ ಶೇಕಡಾ, ಅವರು ಬಿಟ್ಟು ಬಂದ ಮೇಲೆ ಹಳೆಯ ಪಕ್ಷದ ಹೊಸ ಅಭ್ಯರ್ಥಿಗೆ ಬಿದ್ದ ಶೇಕಡಾ. ನಾಯಕರ ಜೊತೆಗೇ ಓಟೂ ಹೊರಟುಬಂದ ಮತಗಟ್ಟೆ ಯಾವುದು, ಚಿಹ್ನೆಯ ಜೊತೆ ಕೂತುಬಿಟ್ಟ ಮತಗಟ್ಟೆ ಯಾವುದು ಅಂತ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಒಂದೇ ಪಟ್ಟಣದೊಳಗೆ ಎರಡೂ ಬಗೆಯ ಬೀದಿ ಸಿಕ್ಕರೆ ಆಶ್ಚರ್ಯಪಡಬೇಡಿ.

ಆಮೇಲೆ ಅದೇ ಮತಗಟ್ಟೆಗಳಿಗೆ ವಿಧಾನಸಭೆ ಮತ್ತು ಲೋಕಸಭೆ ಶೇಕಡಾ ಅಕ್ಕಪಕ್ಕ ಇಡಿ. 2023ರ ಮೇ ತಿಂಗಳಿಗೂ 2024ರ ಏಪ್ರಿಲ್‌ಗೂ ನಡುವೆ ಗೃಹಲಕ್ಷ್ಮಿಯ ಎರಡು ಸಾವಿರ ಮನೆಮನೆಗೆ ಬಂದಿತ್ತು, ಮಹಿಳೆಯರು ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲದೆ ಓಡಾಡುತ್ತಿದ್ದರು. ಆದರೂ ಕಾಂಗ್ರೆಸ್ ಇಲ್ಲಿ ಮೊದಲೇ ಹೇಳಿದ ಆ ದೊಡ್ಡ ಅಂತರದಲ್ಲಿ ಸೋತಿತು. ಅದರರ್ಥ ಗ್ಯಾರಂಟಿಗೆ ಬೆಲೆಯೇ ಇಲ್ಲ ಅಂತಲ್ಲ. ಎಮ್ಮೆಲ್ಲೆಗೆ ಓಟು ಹಾಕುವಾಗ ಜನ ಒಂದು ಲೆಕ್ಕ ಹಾಕುತ್ತಾರೆ, ದೆಹಲಿಗೆ ಕಳಿಸುವಾಗ ಬೇರೆ ಲೆಕ್ಕ ಹಾಕುತ್ತಾರೆ, ಜೊತೆಗೆ ಎರಡು ಪಕ್ಷ ಒಂದಾದಾಗ ಕೂಡುವ ಲೆಕ್ಕವೇ ಬೇರೆ.

ಲೀಡ್ ನೋಡಿ ಮೋಸ ಹೋಗಬೇಡಿ

"ನಮ್ಮ ಬೂತಲ್ಲಿ ನೂರು ಲೀಡ್ ಕೊಟ್ಟಿದ್ದೀವಿ" ಅನ್ನುವುದು ಕಾರ್ಯಕರ್ತರ ಭಾಷೆ. ನಿಮಗೆ ಅದು ಸಾಲದು. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಕಲ್ಪನೆಯ ಮತಗಟ್ಟೆ ನೋಡೋಣ. ಹಿಂದಿನ ಸಲ 700 ಮತ ಚಲಾವಣೆಯಾಗಿ ಒಂದು ಪಕ್ಷಕ್ಕೆ 400, ಎದುರಾಳಿಗೆ 300. ಈ ಸಲ 820 ಚಲಾವಣೆ, ಇಬ್ಬರಿಗೂ 410. ನೂರರ ಲೀಡ್ ಹೋಯಿತು, "ಜನ ಕೈಕೊಟ್ಟರು" ಅಂತ ಗುಲ್ಲೇಳುತ್ತದೆ. ಆದರೆ ಮೊದಲ ಪಕ್ಷದ ಓಟು ಕಡಿಮೆಯಾಗಿಲ್ಲ, ಹತ್ತು ಹೆಚ್ಚೇ ಆಗಿದೆ. ಹೊಸದಾಗಿ ಬಂದ 120ರಲ್ಲಿ 110 ಎದುರಾಳಿಗೆ ಬಿದ್ದಿರಬಹುದು. ಆಗ ನೀವು ಕೇಳಬೇಕಾದ ಪ್ರಶ್ನೆ ಕೈಕೊಟ್ಟವರು ಯಾರು ಅಂತಲ್ಲ, ಹೊಸದಾಗಿ ಬಂದವರು ಯಾರು ಅಂತ. ಹೊಸ ಬಡಾವಣೆಯವರಾ, ಮೊದಲ ಸಲ ಮತ ಹಾಕಿದ ಹುಡುಗರಾ, ಹಿಂದಿನ ಸಲ ಬರದೇ ಇದ್ದವರಾ?

ಇನ್ನು ಜಾತಿ. ಇದನ್ನು ಬಿಟ್ಟು ಮಂಡ್ಯ ರಾಜಕೀಯ ಬರೆಯುತ್ತೇನೆ ಅನ್ನುವವರು ನಾಟಕ ಮಾಡುತ್ತಿದ್ದಾರೆ. ಇದೊಂದರಲ್ಲೇ ಎಲ್ಲ ಹೇಳುತ್ತೇನೆ ಅನ್ನುವವರು ಸೋಮಾರಿಗಳು. ಮೊದಲ ಮಾತು, ಮತದಾರರ ಪಟ್ಟಿಯಲ್ಲಿ ಜಾತಿ ಇರುವುದಿಲ್ಲ. ಹೆಸರು ನೋಡಿ ಊಹಿಸುವುದು ಅರ್ಧಕ್ಕರ್ಧ ತಪ್ಪುತ್ತದೆ. ಎರಡನೆಯದು, ಮತಗಟ್ಟೆ ಲೆಕ್ಕದಿಂದ ಸಮುದಾಯದ ಲೆಕ್ಕ ಹೊರಡುವುದಿಲ್ಲ. ಮತ್ತೆ ಕಲ್ಪನೆಯ ಉದಾಹರಣೆ. ಸಾವಿರ ಮತದಾರರಲ್ಲಿ 600 ಜನ ಒಂದು ಸಮುದಾಯ, 400 ಮಿಕ್ಕವರು. ಎಲ್ಲರಲ್ಲೂ ಶೇ 80 ಮತದಾನ ಆಯಿತು ಅಂದುಕೊಳ್ಳಿ, ಅಂದರೆ 480 ಮತ್ತು 320. ಒಂದು ಪಕ್ಷಕ್ಕೆ 480 ಮತ ಬಿದ್ದಿದೆ. "ನೋಡಿದ್ರಾ, ಆ ಸಮುದಾಯ ಇಡಿಯಾಗಿ ಹಾಕಿದೆ, ಲೆಕ್ಕ ಕರೆಕ್ಟಾಗಿ ಕೂತಿದೆ" ಅನ್ನುತ್ತಾರೆ. ಆದರೆ ಮಿಕ್ಕವರ 320 ಪೂರ್ತಿ ಬಿದ್ದು ಆ ಸಮುದಾಯದಿಂದ ಬರೀ 160 ಬಿದ್ದಿದ್ದರೂ ಮೊತ್ತ 480 ಆಗುತ್ತದೆ. 160ರಿಂದ 480ರವರೆಗೆ ಯಾವುದೂ ಇರಬಹುದು. ಹೆಚ್ಚೂಕಡಿಮೆ ಒಂದೇ ಸಮುದಾಯ ಇರುವ ಬೀದಿ ಬಿಟ್ಟರೆ ಮಿಕ್ಕ ಕಡೆ ಬಾಯಿ ಮುಚ್ಚಿಕೊಂಡಿರುವುದೇ ಮರ್ಯಾದೆ.

ಅಷ್ಟಕ್ಕೂ ಮಂಡ್ಯದಲ್ಲಿ ಪ್ರಮುಖ ಪಕ್ಷಗಳು ಸಾಮಾನ್ಯ ಕ್ಷೇತ್ರಗಳಲ್ಲಿ ಹೆಚ್ಚಾಗಿ ಒಕ್ಕಲಿಗರಿಗೇ ಟಿಕೆಟ್ ಕೊಡುತ್ತವೆ. ಮಳವಳ್ಳಿ ಪರಿಶಿಷ್ಟ ಜಾತಿಗೆ ಮೀಸಲಾದ್ದರಿಂದ ಅಲ್ಲಿ ಎಲ್ಲ ಅಭ್ಯರ್ಥಿಗಳೂ ಪರಿಶಿಷ್ಟ ಜಾತಿಯವರೇ. ಹಾಗಿದ್ದಾಗ "ಜಾತಿ ನೋಡಿ ಹಾಕಿದರು" ಅನ್ನುವ ಒಂದು ಮಾತಿನಿಂದ ಯಾರು ಯಾಕೆ ಗೆದ್ದರು ಅಂತ ತಿಳಿಯುವುದಿಲ್ಲ. ಯಾವ ಮನೆತನ, ಯಾರ ಗುಂಪು, ಯಾವ ಊರಿನ ಯಜಮಾನರು ಯಾರ ಜೊತೆ, ಉಳಿದ ಸಮುದಾಯಗಳು ಯಾರ ಹಿಂದೆ ನಿಂತವು, ಇದನ್ನೆಲ್ಲ ಕೇಳಬೇಕು.

ಚಿಲ್ಲರೆ ಅಂಕಿಗಳನ್ನೂ ಕಡೆಗಣಿಸಬೇಡಿ. 2019ರಲ್ಲಿ ಮಂಡ್ಯದ ಕಣದಲ್ಲಿ ಸುಮಲತಾ ಹೆಸರಿನವರೇ ಇನ್ನೂ ಮೂವರು ಇದ್ದರು. ಅವರಿಗೆ ಬಿದ್ದ ಮತ ನಿಮ್ಮ ಬೀದಿಯಲ್ಲಿ ಎಷ್ಟು ಅಂತ ನೋಡಿ, ಎಷ್ಟು ಜನ ಗೊಂದಲಕ್ಕೆ ಬಿದ್ದಿರಬಹುದು ಅನ್ನುವ ಅಂದಾಜು ಸಿಗುತ್ತದೆ. ಚಿಲ್ಲರೆಯಿಂದಲೇ ಫಲಿತಾಂಶ ಬದಲಾದ ಕಥೆಗಳು ನಮ್ಮ ಸುತ್ತಲೇ ಇವೆ. 2006ರ ಚಾಮುಂಡೇಶ್ವರಿ ಉಪಚುನಾವಣೆಯಲ್ಲಿ ಸಿದ್ದರಾಮಯ್ಯ ಗೆದ್ದದ್ದು 257 ಮತಗಳಿಂದ. ಪಕ್ಕದ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ.

ಡೇರಿ, ಸೊಸೈಟಿ, ಪಂಚಾಯಿತಿ

ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಫಲಿತಾಂಶ ಬಂದ ಸಂಜೆ ಎಲ್ಲ ಪಕ್ಷದವರೂ "ಇಷ್ಟು ನಮ್ಮ ಬೆಂಬಲಿತರು" ಅಂತ ಹೇಳಿಕೆ ಕೊಡುತ್ತಾರೆ, ಎಲ್ಲವನ್ನೂ ಕೂಡಿಸಿದರೆ ಇರುವ ಸ್ಥಾನಕ್ಕಿಂತ ಜಾಸ್ತಿ ಆಗುತ್ತದೆ. ಅದನ್ನು ಬಿಟ್ಟುಬಿಡಿ. ಪಟ್ಟಣ ಪಂಚಾಯಿತಿ, ಪುರಸಭೆಗೆ ಚಿಹ್ನೆ ಇರುತ್ತದೆ, ಆದರೆ ವಾರ್ಡ್ ತುಂಬ ಚಿಕ್ಕದು. ಅಲ್ಲಿ ಓಟು ಹೋಗುವುದು ಚರಂಡಿ, ನಲ್ಲಿ, ಖಾತೆ ಮಾಡಿಸಿಕೊಟ್ಟವರಿಗೆ, ಇಲ್ಲವೇ ನೆಂಟರಿಗೆ. ಮೀಸಲಾತಿ ಬದಲಾದರೆ ಹಿಂದಿನ ಸದಸ್ಯರು ಪಕ್ಕದ ವಾರ್ಡಿಗೆ ಹಾರುತ್ತಾರೆ. ಬಂಡಾಯ ನಿಂತು ಪಕ್ಷೇತರರಾಗಿ ಗೆದ್ದವರು ಅಧ್ಯಕ್ಷರ ಆಯ್ಕೆ ದಿನ ಎತ್ತ ವಾಲಿದರು ಅಂತ ಬರೆದಿಟ್ಟುಕೊಳ್ಳಿ. ಆ ಆಯ್ಕೆಯಲ್ಲಿ ಶಾಸಕರಿಗೂ ಸಂಸದರಿಗೂ ಮತ ಇರುತ್ತದೆ, ಸದಸ್ಯರ ಬಲ ಕಡಿಮೆ ಇರುವ ಪಕ್ಷ ಅಧ್ಯಕ್ಷಗಿರಿ ಹಿಡಿಯುವುದು ಹೀಗೇ.

ನಿಜವಾದ ರಾಜಕೀಯ ನೋಡಬೇಕಾದರೆ ಹಾಲಿನ ಡೇರಿ, ಕೃಷಿ ಪತ್ತಿನ ಸಹಕಾರ ಸಂಘ, ಟಿಎಪಿಸಿಎಂಎಸ್ (ತಾಲ್ಲೂಕು ಕೃಷಿ ಉತ್ಪನ್ನ ಮಾರಾಟ ಸಹಕಾರ ಸಂಘ), ಮನ್‌ಮುಲ್ (ಜಿಲ್ಲಾ ಹಾಲು ಒಕ್ಕೂಟ), ಡಿಸಿಸಿ ಬ್ಯಾಂಕ್ (ಜಿಲ್ಲಾ ಸಹಕಾರ ಬ್ಯಾಂಕ್) ಚುನಾವಣೆಗಳನ್ನು ಗಮನಿಸಿ. ಇವುಗಳ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಬರುತ್ತದೆ, ಯಾರೂ ಓದುವುದಿಲ್ಲ. ಆದರೆ ಬೆಳೆ ಸಾಲ ಯಾರಿಗೆ ಬೇಗ ಸಿಗುತ್ತದೆ, ಡೇರಿಯಲ್ಲಿ ಕಾರ್ಯದರ್ಶಿ ಯಾರಾಗುತ್ತಾರೆ ಅನ್ನುವುದು ನಿರ್ಧಾರವಾಗುವುದು ಇಲ್ಲಿ. ಊರಿನ ಎರಡು ಗುಂಪು ಯಾವುದು, ಯಾವ ಗುಂಪು ಯಾವ ಪಕ್ಷದ ಕಡೆ ಸರಿಯುತ್ತಿದೆ ಅನ್ನುವುದು ವಿಧಾನಸಭೆ ಚುನಾವಣೆಗೆ ವರ್ಷ ಮುಂಚೆಯೇ ಸೊಸೈಟಿ ಚುನಾವಣೆಯಲ್ಲಿ ಗೊತ್ತಾಗಿಬಿಡುತ್ತದೆ. ನಿರ್ದೇಶಕರ ಪಟ್ಟಿ ಇಸಕೊಂಡು, ಹಳೆಯದರ ಜೊತೆ ಇಟ್ಟು ನೋಡಿ.

ಜನರ ಹತ್ತಿರ ಮಾತಾಡುವುದು

ಅಂಕಿ ಏನಾಯಿತು ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಅದಕ್ಕೆ ನಡೆಯಲೇಬೇಕು. ಆದರೆ "ಯಾರಿಗೆ ಹಾಕಿದ್ರಿ?" ಅಂತ ಮಾತ್ರ ಕೇಳಬೇಡಿ. ಅದು ಮರ್ಯಾದೆಯೂ ಅಲ್ಲ, ನಿಜವೂ ಸಿಗುವುದಿಲ್ಲ. ಗೆದ್ದವರ ಹೆಸರು ಹೇಳಿ ಕಳಿಸುತ್ತಾರೆ, ಅಷ್ಟೇ. ಬೇರೆ ತರ ಕೇಳಿ. "ವೃದ್ಧಾಪ್ಯ ವೇತನ ನಿಂತುಹೋದಾಗ ಯಾರ ಹತ್ರ ಹೋಗಿದ್ರಿ ಅಜ್ಜಿ?" "ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಯಾರು ಫೋನ್ ಮಾಡಿಸಿಕೊಟ್ರು ಅಣ್ಣ?" "ಮನೆ ಹತ್ರ ಬಂದು ಕೈಮುಗಿದವರು ಯಾರ‍್ಯಾರು?" ಈ ಉತ್ತರಗಳಲ್ಲಿ ಊರಿನ ರಾಜಕೀಯ ತಾನಾಗೇ ಹೊರಗೆ ಬರುತ್ತದೆ.

ಟೀ ಅಂಗಡಿ, ಸಲೂನು, ಬಸ್ ಸ್ಟ್ಯಾಂಡ್ ಮೂರೇ ಸುತ್ತಿ ಬಂದರೆ ನಿಮಗೆ ಸಿಗುವುದು ಬಿಡುವಿರುವ ಗಂಡಸರ ಅಭಿಪ್ರಾಯ. ಓಟು ಹಾಕುವವರಲ್ಲಿ ಅರ್ಧ ಹೆಂಗಸರು. ಗಾರ್ಮೆಂಟ್ಸ್‌ಗೆ ಹೋಗುವವರ ಬಸ್ಸು, ಸ್ತ್ರೀಶಕ್ತಿ ಸಂಘದ ಸಭೆ, ರೇಷನ್ ಅಂಗಡಿ ಕ್ಯೂ, ಬೆಳಗಿನ ಜಾವದ ಪೌರಕಾರ್ಮಿಕರು, ಇವರನ್ನು ಬಿಟ್ಟ ಸಮೀಕ್ಷೆ ಸುಮ್ನೆ ದಂಡ. ನೀವು ಗಂಡಸಾದರೆ ಮನೆಯ ಹೆಣ್ಣುಮಕ್ಕಳನ್ನೋ ಆಶಾ ಕಾರ್ಯಕರ್ತೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ, ಮಾತು ಬೇರೆಯೇ ಆಗುತ್ತದೆ.

ವಿಷಯಗಳ ಬಗ್ಗೆ ಒಂದು ಎಚ್ಚರ. ದೊಡ್ಡ ಕೆಲಸ ಆಯಿತು, ಓಟು ಬಂದೇ ಬರುತ್ತದೆ ಅಂತ ಗೆರೆ ಎಳೆಯಬೇಡಿ. ವರ್ಷಗಟ್ಟಲೆ ನಿಂತಿದ್ದ ಮೈಷುಗರ್ ಕಾರ್ಖಾನೆ 2022ರಲ್ಲಿ ಮತ್ತೆ ಕಬ್ಬು ಅರೆಯಲು ಶುರು ಮಾಡಿತು. 2023ರ ಮಾರ್ಚ್‌ನಲ್ಲಿ ಪ್ರಧಾನಿ ಬಂದು ಮದ್ದೂರು ಹತ್ತಿರದ ಗೆಜ್ಜಲಗೆರೆಯಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದರು. ಎರಡೂ ಬಿಜೆಪಿ ಸರ್ಕಾರದ ಕಾಲದಲ್ಲಿ. ಎರಡು ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಜಿಲ್ಲೆಯಲ್ಲಿ ಆ ಪಕ್ಷಕ್ಕೆ ಒಂದು ಸ್ಥಾನವೂ ಬರಲಿಲ್ಲ. ಹಳೆಯ ರಸ್ತೆ ಪಕ್ಕದ ಹೋಟೆಲ್‌ನವರನ್ನು, ಬೊಂಬೆ ಮಾರುವವರನ್ನು ಕೇಳಿದರೆ ಬೈಪಾಸ್ ಬಗ್ಗೆ ಬೇರೆಯೇ ಕಥೆ ಹೇಳುತ್ತಾರೆ.

ಕಾವೇರಿಯೂ ಹಾಗೇ. ಕೆಆರ್‌ಎಸ್ ಮಟ್ಟ 124.80 ಅಡಿ ಮುಟ್ಟಿ ಅಣೆಕಟ್ಟೆ ಭರ್ತಿಯಾದ ವರ್ಷ ಯಾರೂ ಮಾತಾಡುವುದಿಲ್ಲ. 2023ರ ಸೆಪ್ಟೆಂಬರ್ ತರ ಮಳೆ ಕೈಕೊಟ್ಟು ತಮಿಳುನಾಡಿಗೆ ನೀರು ಬಿಟ್ಟಾಗ ಮಂಡ್ಯ ಬಂದ್ ಆಗುತ್ತದೆ, ಎಲ್ಲ ಪಕ್ಷದವರೂ ಹೆದ್ದಾರಿಯಲ್ಲಿ ಕೂರುತ್ತಾರೆ. ಎಲ್ಲರೂ ಕೂತ ಮೇಲೆ ಅದರ ಲಾಭ ಒಬ್ಬರಿಗೇ ಹೇಗೆ ಹೋಗುತ್ತದೆ? ನಾಲೆಯ ಮೇಲ್ಭಾಗದವರಿಗೂ ಕೊನೆ ಭಾಗದವರಿಗೂ, ನೀರೇ ಬಾರದ ನಾಗಮಂಗಲದ ಮಳೆಯಾಶ್ರಿತ ಹಳ್ಳಿಗಳಿಗೂ ಈ ಸಿಟ್ಟು ಒಂದೇ ಅಳತೆಯಲ್ಲಿ ಇರುವುದಿಲ್ಲ. ಇನ್ನು 2024ರ ಜನವರಿಯಲ್ಲಿ ಕೆರಗೋಡಿನಲ್ಲಿ ಹನುಮ ಧ್ವಜ ಇಳಿಸಿದ ಗಲಾಟೆ ಮುಂದಿನ ಲೋಕಸಭೆಯಲ್ಲಿ ಎಷ್ಟು ಕೆಲಸ ಮಾಡಿತು ಅಂತ ತಿಳಿಯಬೇಕಾದರೆ ಕೆರಗೋಡಿನ ಮತಗಟ್ಟೆಗಳನ್ನು ಅಂಥದ್ದೇನೂ ನಡೆಯದ ಅದೇ ಅಳತೆಯ ಊರುಗಳ ಜೊತೆ ಇಟ್ಟು ನೋಡಬೇಕು. ಎರಡೂ ಕಡೆ ಬದಲಾವಣೆ ಒಂದೇ ಸಮ ಇದ್ದರೆ ಕಾರಣ ಬೇರೆ ಕಡೆ ಹುಡುಕಿ.

ಊರಲ್ಲಿ ಇಲ್ಲದವರ ಓಟು

2024ರಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾಯಿತು, ರಾಜ್ಯದಲ್ಲೇ ಜಾಸ್ತಿ. ಅದೇ ದಿನ ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಆಸುಪಾಸು. ಈ ಎರಡಕ್ಕೂ ನಂಟಿದೆ ಅಂತ ನನ್ನ ಗುಮಾನಿ. ಬೆಂಗಳೂರಲ್ಲಿ ಕೆಲಸ ಮಾಡುತ್ತಾ ಊರಲ್ಲೇ ಓಟು ಇಟ್ಟುಕೊಂಡವರು ನಮ್ಮಲ್ಲಿ ಬಹಳ. ಕೆ.ಆರ್.ಪೇಟೆ, ನಾಗಮಂಗಲ ಕಡೆಯವರು ಮುಂಬೈನಿಂದಲೂ ಬರುತ್ತಾರೆ. ಓಟಿನ ಹಿಂದಿನ ರಾತ್ರಿ ಬಸ್ಸುಗಳು ಹೇಗೆ ತುಂಬಿರುತ್ತವೆ ನೋಡಿದ್ದೀರಲ್ಲ. ಕೆಲವು ವಾಹನಗಳಿಗೆ ಬಾಡಿಗೆ ಯಾರು ಕೊಟ್ಟರು ಅಂತ ಎಲ್ಲರಿಗೂ ಗೊತ್ತಿರುತ್ತದೆ, ಅಭ್ಯರ್ಥಿ ಕಡೆಯವರು ಮತದಾರರನ್ನು ಪುಕ್ಕಟೆ ವಾಹನದಲ್ಲಿ ಮತಗಟ್ಟೆಗೆ ಕರೆತರುವುದು ಕಾನೂನಿನ ಕಣ್ಣಲ್ಲಿ ಭ್ರಷ್ಟ ಆಚರಣೆ ಅನ್ನುವುದೂ ಗೊತ್ತಿರಬೇಕು.

ಈ ಹೊರಗಿನವರು ಪಂಚಾಯಿತಿ ಚುನಾವಣೆಗೆ ಅಣ್ಣತಮ್ಮಂದಿರಿಗಾಗಿ ತಪ್ಪದೆ ಬರುತ್ತಾರೆ, ಉಪಚುನಾವಣೆಗೆ ಬರುವುದು ಅನುಮಾನ. ಮತಗಟ್ಟೆವಾರು ಮತದಾನದ ಶೇಕಡಾ ಚುನಾವಣೆಯಿಂದ ಚುನಾವಣೆಗೆ ಹೆಚ್ಚು ಏರಿಳಿಯುವ ಕಡೆ ಇಂಥವರು ಜಾಸ್ತಿ ಇದ್ದಾರೆ ಅಂತ ಗುರುತು ಹಾಕಿಕೊಂಡು, ಆಮೇಲೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಹತ್ತಿರವೋ ಅಕ್ಕಪಕ್ಕದವರ ಹತ್ತಿರವೋ ಕೇಳಿ ಖಚಿತ ಮಾಡಿಕೊಳ್ಳಿ.

ಬರೆದು ಹಾಕುವ ಮುಂಚೆ

ಮತದಾನ ನಡೆಯುತ್ತಿರುವಾಗ "ಹೊರಗೆ ಬಂದವರನ್ನು ಕೇಳಿದೆ, ಇವರೇ ಗೆಲ್ಲೋದು" ಅಂತ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಆಯೋಗ ಹೇಳಿದ ಅವಧಿ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆ (ಎಕ್ಸಿಟ್ ಪೋಲ್) ಪ್ರಕಟಿಸುವುದಕ್ಕೆ ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಕಲಂ ಅಡ್ಡಿ ಇದೆ. ಅದೇ ಕಾಯ್ದೆಯ 94ನೇ ಕಲಂ ಪ್ರಕಾರ ಯಾರಿಗೆ ಮತ ಹಾಕಿದೆ ಅಂತ ಹೇಳಲೇಬೇಕು ಎಂದು ಸಾಕ್ಷಿಕಟ್ಟೆಯಲ್ಲೂ ಯಾರನ್ನೂ ಒತ್ತಾಯಿಸುವಂತಿಲ್ಲ.

ಕಾನೂನಿಗಿಂತ ಹತ್ತಿರದ ವಿಚಾರ ಒಂದಿದೆ. ಮುನ್ನೂರು ನಾನೂರು ಓಟಿನ ಸಣ್ಣ ಮತಗಟ್ಟೆ ಅಂದರೆ ಒಂದೆರಡು ಬೀದಿ. "ಈ ಬೀದಿ ನಮಗೆ ಹಾಕಿಲ್ಲ" ಅಂತ ಗೊತ್ತಾದ ಮೇಲೆ ಆ ಬೀದಿಗೆ ಸಿಮೆಂಟ್ ರಸ್ತೆ ನಿಧಾನವಾಗುವುದನ್ನು, ನೀರಿನ ಟ್ಯಾಂಕರ್ ತಡವಾಗುವುದನ್ನು ಕಂಡಿದ್ದೇವೆ. ಹಾಗಾಗಿ ನಿಮ್ಮ ಬರಹದಲ್ಲಿ ಬೀದಿ ಹೆಸರು ಹಾಕದೆ ನಾಲ್ಕೈದು ಮತಗಟ್ಟೆ ಸೇರಿಸಿ "ಪೇಟೆ ಭಾಗ", "ಹೊಸ ಬಡಾವಣೆಗಳು" ಅಂತ ಗುಂಪು ಮಾಡಿ ಕೊಡಿ. ನಮೂನೆ 20 ಎಲ್ಲರಿಗೂ ಸಿಗುವ ಕಾಗದವೇ, ನಿಜ. ಆದರೆ ಅದನ್ನು ಬೀದಿ ನಕ್ಷೆಯ ಜೊತೆ ಹೊಂದಿಸಿ ಚೊಕ್ಕ ಮಾಡಿ ಕೊಟ್ಟವರು ನೀವಾಗುತ್ತೀರಿ. ಬಿಡಿ ಮತಗಟ್ಟೆಯ ಹಾಳೆ ನಿಮ್ಮ ಹತ್ತಿರವೇ ಇರಲಿ, ಯಾವ ಪಕ್ಷದ ಕಾರ್ಯಕರ್ತರು ಸ್ನೇಹಿತರಾಗಿ ಬಂದು ಕೇಳಿದರೂ ಗುಂಪು ಮಾಡಿದ ಲೆಕ್ಕವನ್ನಷ್ಟೇ ಕೊಡಿ.